ಬ್ಯಾಟರಿ ಡ್ರಿಲ್ಲಿನಿಂದ ಮಿಲ್ಲಿಂಗ್ ಟೇಬಲ್ ಎತ್ತುವುದು

1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದ ಸಾಂಗ್ಲಿ ಜಿಲ್ಲೆ ನಮ್ಮದು. ಆದರೂ ಜತ್ತ ತಾಲೂಕಿನ ನಮ್ಮ ಸಣ್ಣ ವರ್ಕ್‌ಶಾಪಿನಲ್ಲಿ ಇರೋದು ಕೈಯಿಂದ ನಡೆಸುವ ಹಳೇ ಮಿಲ್ಲಿಂಗ್ ಮಶಿನ್. ಅದರಲ್ಲಿ ಕಟಿಂಗ್‌ಗಿಂತ ಹೆಚ್ಚು ದಣಿಸುವುದು ಟೇಬಲ್ ಏರಿಸುವ ಹ್ಯಾಂಡಲ್. ಒಂದು ಸುತ್ತಿಗೆ 2.5 ಮಿ.ಮೀ. ಏರುತ್ತದೆ, 100 ಮಿ.ಮೀ.ಗೆ 40 ಸುತ್ತು, ಅದೂ ಟೇಬಲ್, ವೈಸ್, ಜಾಬ್ ಎಲ್ಲದರ ಭಾರ ಎತ್ತುತ್ತಾ. ಭುಜದ ನೋವಿಗೆ ಹಿರಿಯ ಕಾಕಾ 'ಕೆಲಸಾನ ಬಿಡ್ತೀನಿ' ಅಂದಾಗ, ಶಾಫ್ಟಿಗೆ ಹೊಂದುವ ಅಡಾಪ್ಟರ್ ಮಾಡಿ ಬ್ಯಾಟರಿ ಡ್ರಿಲ್ ಹಚ್ಚಿದೆವು.

ಮೊದಲು ಸ್ಪಿಂಡಲ್ ನಿಲ್ಲಿಸಿ, ಹ್ಯಾಂಡಲ್ ತೆಗೆಯಲೇಬೇಕು. ಡ್ರಿಲ್ ಜೊತೆ ಅದೂ ಗರಗರ ತಿರುಗಿದರ ಮೊಣಕೈ ಮುರೀತದ. ಟೇಬಲ್ ಲಾಕ್ ಸಡಿಲಿಸಿರಬೇಕು. ಒಮ್ಮೆ ನಾನೇ ಮರೆತೆ. ಟೇಬಲ್ ಅಲುಗಲಿಲ್ಲ, ಡ್ರಿಲ್ಲೇ ತಿರುಗಿ ಮಣಿಕಟ್ಟು ಉಳುಕಿತು. ಅಂದಿನಿಂದ ಕ್ಲಚ್ ಅನ್ನು ಟೇಬಲ್ ಏಳುವಷ್ಟಕ್ಕೇ ಇಡ್ತೀವಿ.

'ಹಂಗಾದ್ರ ಕಟಿಂಗ್ ಫೀಡಿಗೂ ಇದನ್ನೇ ಹಚ್ಚಬಹುದಲ್ಲ?' ಅಂತ ಕೇಳಿದಿರಿ. ಬ್ಯಾಡ್ರಿ. ಬೆರಳಿನ ಒತ್ತಡಕ್ಕೆ ತಕ್ಕಂತೆ ವೇಗ ಏರಿಳಿಯುತ್ತದೆ, ಕಟರ್ ಮುರಿಯಬಹುದು. ಕಟರಿಗೂ ಜಾಬಿಗೂ ನಡುವೆ 10 ಮಿ.ಮೀ. ಉಳಿದಾಗ ಡ್ರಿಲ್ ತೆಗೆದು, ಕೊನೆಯ ನಾಲ್ಕು ಸುತ್ತು ಡಯಲ್ ನೋಡುತ್ತಾ ಕೈಯಿಂದಲೇ ತಿರುಗಿಸುತ್ತೇವೆ. ಆ ನಾಲ್ಕು ಸುತ್ತು ಕಾಕಾಗೆ ಭಾರ ಅನ್ನಿಸೂದಿಲ್ಲ.