ಬೆಳಕು ಬಿದ್ದರಷ್ಟೇ ಕೊಲ್ಲುವ ಕಣ

ಬೆಳಕೂ ಔಷಧವಾಗಬಲ್ಲದು ಎಂಬುದು ಹೊಸ ಮಾತೇನಲ್ಲ. ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆ ನೀಡಿ ಹೆಸರಾದ ಡೆನ್ಮಾರ್ಕಿನ ವೈದ್ಯ ನೀಲ್ಸ್ ಫಿನ್ಸೆನ್ ಅವರಿಗೆ 1903ರಲ್ಲಿಯೇ ನೊಬೆಲ್ ಪ್ರಶಸ್ತಿ ಸಂದಿತ್ತು. ಮುಂದೆ ಪೆನಿಸಿಲಿನ್ ಬಂತು, ಅದರ ಬೆನ್ನಿಗೇ ಹತ್ತಾರು ಆಂಟಿಬಯಾಟಿಕ್‌ಗಳು ಬಂದವು. ದೀಪದ ಚಿಕಿತ್ಸೆ ಮೂಲೆಗೆ ಸರಿಯಿತು. ಈಗ ಆ ಔಷಧಗಳೇ ಸೋಲತೊಡಗಿವೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಜನ ಸತ್ತರೆಂದು ‘ಲ್ಯಾನ್ಸೆಟ್’ ಪತ್ರಿಕೆ 2022ರಲ್ಲಿ ಪ್ರಕಟಿಸಿದ ಅಂದಾಜು ಹೇಳುತ್ತದೆ. ವಿಜ್ಞಾನಿಗಳು ಮತ್ತೆ ದೀಪದತ್ತ ಹೊರಳಿದ್ದರೆ ಆಶ್ಚರ್ಯವಿಲ್ಲ.

ಈ ಬಾರಿ ಬೆಳಕಿನ ಜೊತೆಗೆ ನ್ಯಾನೋಕಣಗಳಿವೆ. ಚಿನ್ನ, ಬೆಳ್ಳಿಯ ಅತಿಸೂಕ್ಷ್ಮ ಕಣಗಳು ರೋಗಾಣುಗಳನ್ನು ಕೊಲ್ಲಬಲ್ಲವೆಂದು ಮೊದಲೇ ತಿಳಿದಿತ್ತು. ಆದರೆ ಅವು ನಮ್ಮ ಜೀವಕೋಶಗಳಿಗೂ ಹಾನಿ ಮಾಡಬಹುದೆಂಬ ಅಳುಕೂ ಇತ್ತು. ಅಮೆರಿಕದ ಬೌಲ್ಡರ್‌ನಲ್ಲಿರುವ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಪ್ರಶಾಂತ್ ನಾಗಪಾಲ್, ಅನುಶ್ರೀ ಚಟರ್ಜಿ ಮತ್ತು ಸಂಗಡಿಗರು 2016ರಲ್ಲಿ ‘ನೇಚರ್ ಮೆಟೀರಿಯಲ್ಸ್’ ಪತ್ರಿಕೆಯಲ್ಲಿ ಮುಂದಿಟ್ಟ ದಾರಿ ಬೇರೆ. ಅವರು ಬಳಸಿದ್ದು ಕ್ಯಾಡ್ಮಿಯಂ ಟೆಲ್ಯುರೈಡ್‌ನ ‘ಕ್ವಾಂಟಂ ಚುಕ್ಕೆ’ಗಳನ್ನು. ಕತ್ತಲೆಯಲ್ಲಿ ಇವು ನಿರುಪದ್ರವಿಯಂತೆ ಸುಮ್ಮನಿರುತ್ತವೆ. ಬೆಳಕು ಬಿದ್ದೊಡನೆ ಒಳಗಿನ ಎಲೆಕ್ಟ್ರಾನ್ ಎಚ್ಚೆತ್ತು, ಹತ್ತಿರದ ಆಮ್ಲಜನಕದ ಅಣುವಿಗೆ ಜಿಗಿದು ಅದನ್ನು ಸೂಪರ್‌ಆಕ್ಸೈಡ್ ಆಗಿ ಮಾರ್ಪಡಿಸುತ್ತದೆ. ಬ್ಯಾಕ್ಟೀರಿಯಾದ ಒಡಲಿನ ರಾಸಾಯನಿಕ ಸಮತೋಲ ಕದಡುವುದು ಹೀಗೆ. ಪ್ರಯೋಗಾಲಯದಲ್ಲಿ ಬೆಳೆಸಿದ ಔಷಧ ನಿರೋಧಕ ಬ್ಯಾಕ್ಟೀರಿಯಾಗಳಲ್ಲಿ ಶೇ 92ರಷ್ಟು ಸತ್ತವು. ಜೊತೆಯಲ್ಲಿಯೇ ಬೆಳೆಸಿದ್ದ ಮಾನವ ಜೀವಕೋಶಗಳು ಉಳಿದವು.

ನನಗೆ ಈ ಸಂಖ್ಯೆಗಿಂತ ಮಿಗಿಲಾಗಿ ಕಂಡದ್ದು ಅದೇ ಪ್ರಬಂಧದ ಇನ್ನೊಂದು ಅಂಶ. ಕೊಲ್ಲುವ ಶಕ್ತಿ ಇರುವುದು ವಸ್ತುವಿನಲ್ಲಿ ಅಲ್ಲ, ಕಣದ ಗಾತ್ರದಲ್ಲಿ. ಚುಕ್ಕೆಯ ಗಾತ್ರ ಕೊಂಚ ಬದಲಾದರೆ ಅದು ಹೀರುವ ಬೆಳಕು ಬದಲಾಗುತ್ತದೆ, ಎಲೆಕ್ಟ್ರಾನಿನ ಬಲವೂ ಬದಲಾಗುತ್ತದೆ. ಹೊಂದಿಕೆ ತಪ್ಪಿದರೆ ಬ್ಯಾಕ್ಟೀರಿಯಾ ಸಾಯುವ ಬದಲು ಇನ್ನಷ್ಟು ಹುಲುಸಾಗಿ ಬೆಳೆಯುವುದೂ ಉಂಟು! ಕೊಲ್ಲುವ ಉಪಾಯ ಪೋಷಣೆಯ ಉಪಾಯವೂ ಆಗಬಲ್ಲದು ಎಂಬುದನ್ನು ‘ಸೂಪರ್‌ಬಗ್‌ಗೆ ಅಂತ್ಯ’ ಎಂಬ ಧಾಟಿಯ ಶೀರ್ಷಿಕೆಗಳು ಹೇಳುವುದಿಲ್ಲ.

ಬೆಳಕಿನ ಮಿತಿಯನ್ನೂ ಅವು ಹೇಳುವುದಿಲ್ಲ. ಕಣ್ಣಿಗೆ ಕಾಣುವ ಬೆಳಕು ನಮ್ಮ ಚರ್ಮದೊಳಗೆ ಕೆಲವೇ ಮಿಲಿಮೀಟರ್ ಇಳಿಯುತ್ತದೆ. ಪುಪ್ಪುಸದ ಸೋಂಕಿಗೋ ರಕ್ತದ ನಂಜಿಗೋ ಹೊರಗಿನಿಂದ ದೀಪ ಹಿಡಿದರೆ ಫಲವಿಲ್ಲ. ಇನ್ನಷ್ಟು ಆಳಕ್ಕಿಳಿಯುವ ಅವಕೆಂಪು ಬೆಳಕಿನತ್ತ ಸಂಶೋಧಕರು ಕಣ್ಣಿಟ್ಟಿರುವುದು ಇದಕ್ಕಾಗಿಯೇ. ಸಾಲದೆಂಬಂತೆ ಕ್ಯಾಡ್ಮಿಯಂ ಮೂತ್ರಪಿಂಡಕ್ಕೆ ವಿಷ. ಬೇರೆ ವಸ್ತುವಿನಿಂದಲೂ ಚುಕ್ಕೆ ಮಾಡಬಹುದೆಂಬುದಷ್ಟೇ ಇಲ್ಲಿ ಸಮಾಧಾನ.

ಬ್ಯಾಕ್ಟೀರಿಯಾ ಇದಕ್ಕೂ ಒಗ್ಗಿಕೊಳ್ಳದೇ? ಸೂಪರ್‌ಆಕ್ಸೈಡನ್ನು ತಣಿಸುವ ಕಿಣ್ವಗಳು ಅದರ ಬಳಿ ಈಗಾಗಲೇ ಇವೆ. ಆದರೆ ಈ ದಾಳಿ ಒಂದೇ ಗುರಿಯ ಮೇಲೆ ನಡೆಯುವುದಲ್ಲ, ಹಲವು ಕಡೆ ಒಮ್ಮೆಲೇ ನಡೆಯುವುದು. ಆದ್ದರಿಂದ ತಪ್ಪಿಸಿಕೊಳ್ಳುವುದು ಗುಳಿಗೆಯಿಂದ ತಪ್ಪಿಸಿಕೊಂಡಷ್ಟು ಸುಲಭವಾಗಲಾರದೆಂದು ನನ್ನ ಎಣಿಕೆ.

ಹಾಗಾಗಿ ನಾನು ಹೆಚ್ಚು ಬೆಲೆ ಕೊಡುವುದು ಇದೇ ತಂಡ 2017ರಲ್ಲಿ ‘ಸೈನ್ಸ್ ಅಡ್ವಾನ್ಸಸ್’ನಲ್ಲಿ ಪ್ರಕಟಿಸಿದ ಸಾಧಾರಣ ಸದ್ದಿನ ಸಂಶೋಧನೆಗೆ. ರೋಗಿಗಳಿಂದ ಪಡೆದ ಔಷಧ ನಿರೋಧಕ ತಳಿಗಳ ಮೇಲೆ ಅವರು ಚುಕ್ಕೆ, ಬೆಳಕು ಮತ್ತು ಹಳೆಯ ಆಂಟಿಬಯಾಟಿಕ್‌ಗಳನ್ನು ಒಟ್ಟಿಗೆ ಪ್ರಯೋಗಿಸಿದರು. ಸೂಪರ್‌ಆಕ್ಸೈಡಿನಿಂದ ಮೊದಲೇ ಬಸವಳಿದಿದ್ದ ಬ್ಯಾಕ್ಟೀರಿಯಾಗಳಿಗೆ, ಕೈಬಿಟ್ಟಿದ್ದ ಅದೇ ಔಷಧ ಕಡಿಮೆ ಪ್ರಮಾಣದಲ್ಲಿಯೇ ತಾಕಿತು. ಬೆಳಕು ತಲುಪುವ ಗಾಯ, ಹುಣ್ಣುಗಳಲ್ಲಾದರೂ ಈ ಜೋಡಿಯನ್ನು ಮೊದಲು ಪರೀಕ್ಷಿಸಬಹುದು.