ಚೌಕುಳಿಯಲ್ಲಿ ಕನ್ನಡ ಅಕ್ಷರ

ಮಕ್ಕಳೇ, ಬಸ್ಸಿನ ಮುಂಭಾಗದಲ್ಲಿ ಬೆಳಗುವ ಚುಕ್ಕಿ ಅಕ್ಷರಗಳ ಫಲಕವನ್ನು ನೀವು ನೋಡಿರಬಹುದು. ಕೆಲವು ಚುಕ್ಕಿಗಳು ಬೆಳಗುತ್ತವೆ, ಉಳಿದವು ಆರಿರುತ್ತವೆ. ಅಷ್ಟರಿಂದಲೇ ಊರಿನ ಹೆಸರು ಮೂಡುತ್ತದೆ. ಗಣಕಯಂತ್ರದ ಪರದೆಯಲ್ಲೂ ಹೀಗೆ ಅಕ್ಷರ ಮೂಡಿಸಬಹುದು. ಇಂತಹ ಅಕ್ಷರಗಳ ಗುಂಪಿಗೆ ‘ಬಿಟ್‌ಮ್ಯಾಪ್ ಫಾಂಟ್’ ಎನ್ನುತ್ತಾರೆ.

1998ರಲ್ಲಿ ಆರಂಭವಾದ ‘ಯೂನಿಫಾಂಟ್’ ಇಂತಹ ಒಂದು ಉಚಿತ ಫಾಂಟ್. ಅದರಲ್ಲಿ ಕನ್ನಡ ಅಕ್ಷರಗಳೂ ಇವೆ. ಅಗಲವಾದ ಅಕ್ಷರಕ್ಕೆ 16 ಸಾಲು, ಸಾಲಿಗೆ 16 ಚೌಕ. ಒಟ್ಟು 256 ಚೌಕಗಳು. ತುಂಬಿದ ಚೌಕಕ್ಕೆ 1, ಖಾಲಿ ಚೌಕಕ್ಕೆ 0. ಇಂತಹ ಒಂದೊಂದು ಅಂಕೆಯೂ ಒಂದು ‘ಬಿಟ್’. 8 ಬಿಟ್ ಸೇರಿದರೆ 1 ‘ಬೈಟ್’. ಹಾಗಾದರೆ ಒಂದು ಅಕ್ಷರಕ್ಕೆ 32 ಬೈಟ್ ಸಾಕು!

ಲಿನಕ್ಸ್ ಗಣಕದಲ್ಲಿ ಎರಡು ಬಗೆಯ ಪರದೆಗಳಿವೆ. ಚಿತ್ರ, ಕಿಟಕಿಗಳಿರುವುದು ಡೆಸ್ಕ್‌ಟಾಪ್. ಬರೀ ಅಕ್ಷರಗಳ ಕಪ್ಪು ಪರದೆ ಕನ್ಸೋಲ್. ಬಿಟ್‌ಮ್ಯಾಪ್ ಫಾಂಟ್‌ಗಳನ್ನು ಹೆಚ್ಚಾಗಿ ‘ಬಿಡಿಎಫ್’ ಎಂಬ ಕಡತದಲ್ಲಿ ಬರೆದಿಡುತ್ತಾರೆ. ಕನ್ಸೋಲ್ ಓದುವುದು ‘ಪಿಎಸ್‌ಎಫ್’ ಕಡತವನ್ನು. ಒಂದನ್ನು ಇನ್ನೊಂದಕ್ಕೆ ಪರಿವರ್ತಿಸಲು ‘ಬಿಡಿಎಫ್2ಪಿಎಸ್‌ಎಫ್’ ಎಂಬ ತಂತ್ರಾಂಶವಿದೆ. 12 ಎಂದು ಬರೆದರೂ ಹನ್ನೆರಡು ಎಂದು ಬರೆದರೂ ಬೆಲೆ ಒಂದೇ ಅಲ್ಲವೇ? ಹಾಗೆಯೇ ಇಲ್ಲಿ ಬರೆದಿಡುವ ರೀತಿ ಬದಲಾಗುತ್ತದೆ, ಚೌಕಗಳು ಬದಲಾಗುವುದಿಲ್ಲ. ಬಳಿಕ ‘ಸೆಟ್‌ಫಾಂಟ್’ ಆದೇಶ ಕೊಟ್ಟರೆ ಹೊಸ ಫಾಂಟ್ ಕನ್ಸೋಲಿಗೆ ಬರುತ್ತದೆ.

ಈಗ ಅಲ್ಲಿ ‘ಪಂಚನಹಳ್ಳಿ’ ಎಂದು ಸರಿಯಾಗಿ ಮೂಡುತ್ತದೆಯೇ? ಇಲ್ಲ! ಇದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು, ಜಾಗ. ಲಿನಕ್ಸ್‌ನ ಸಾದಾ ಕನ್ಸೋಲ್ ಫಾಂಟಿನಲ್ಲಿ ಹೆಚ್ಚೆಂದರೆ 512 ಆಕಾರಗಳು ಹಿಡಿಸುತ್ತವೆ. ಇಂಗ್ಲಿಷಿಗೆ ಇದು ಧಾರಾಳ. ಕನ್ನಡದಲ್ಲಿ 34 ವ್ಯಂಜನ, 13 ಸ್ವರ. ಗುಣಿತಾಕ್ಷರಗಳೇ 34 × 13 = 442. ಒಂದೊಂದು ಒತ್ತು ಸೇರಿಸಿದರೆ 34 × 34 × 13 = 15,028. ಇವೆಲ್ಲವೂ ಬಳಕೆಯಲ್ಲಿಲ್ಲ ನಿಜ. ಆದರೂ 512ರ ಪೆಟ್ಟಿಗೆ ಸಾಲದು.

ಎರಡನೆಯದು, ಜೋಡಣೆ. ಯೂನಿಕೋಡ್ ಪದ್ಧತಿಯಲ್ಲಿ ‘ಳ್ಳಿ’ ಒಂದೇ ಸಂಕೇತವಲ್ಲ. ಳ, ಅರ್ಧಾಕ್ಷರದ ಗುರುತು, ಮತ್ತೆ ಳ, ಗುಡಿಸು: ಹೀಗೆ ನಾಲ್ಕು ಸಂಕೇತಗಳು. ‘ಪಂಚನಹಳ್ಳಿ’ಯಲ್ಲಿ ನಮಗೆ ಕಾಣುವುದು 5 ಅಕ್ಷರ, ಗಣಕದ ಲೆಕ್ಕದಲ್ಲಿ 9 ಸಂಕೇತ. ಕನ್ಸೋಲಿಗೆ ಒತ್ತನ್ನು ಕೆಳಗಿಳಿಸಿ ಜೋಡಿಸಲು ಬಾರದು. ಫಾಂಟನ್ನು ಎಷ್ಟು ಪರಿವರ್ತಿಸಿದರೂ ಈ ಕೊರತೆ ನೀಗದು.

ಡೆಸ್ಕ್‌ಟಾಪ್‌ನಲ್ಲಿ ಬೇರೆ ಏರ್ಪಾಡಿದೆ. ‘ಗುಬ್ಬಿ’, ‘ನವಿಲು’ ಎಂಬ ಕನ್ನಡದ ಮುಕ್ತ ಫಾಂಟ್‌ಗಳಲ್ಲಿ ಅಕ್ಷರಗಳ ಅಂಚುಗೆರೆಗಳ ಜೊತೆಗೆ ಒತ್ತು, ಗುಣಿತ ಸೇರಿಸುವ ನಿಯಮಗಳೂ ಇರುತ್ತವೆ. ಆ ನಿಯಮಗಳನ್ನು ಓದಿ ಅಕ್ಷರ ಜೋಡಿಸುವ ತಂತ್ರಾಂಶವೂ ಅಲ್ಲಿದೆ. ಆದ್ದರಿಂದ ಅಲ್ಲಿ ನಮ್ಮ ಊರಿನ ಹೆಸರು ತಪ್ಪಿಲ್ಲದೆ ಮೂಡುತ್ತದೆ.

ಮಾಡಿ ನೋಡಿ: ಚೌಕುಳಿ ಹಾಳೆಯಲ್ಲಿ ಸಾಲಿಗೆ 8ರಂತೆ 8 ಸಾಲು ಗುರುತಿಸಿ. 1 ಇರುವಲ್ಲಿ ಬಣ್ಣ ತುಂಬಿ.

00111100
01000010
10000001
10000001
10000001
10000001
01000010
00111100

ಯಾವ ಅಂಕೆ ಬಂತು? ಈಗ ಅಷ್ಟೇ ಚೌಕಗಳಲ್ಲಿ ‘ಳ್ಳಿ’ ಬಿಡಿಸಿ. ಬಳಿಕ 16 ಸಾಲು, ಸಾಲಿಗೆ 16 ಚೌಕಗಳಲ್ಲಿ ಬಿಡಿಸಿ. ಒತ್ತಿಗೆ ಎಷ್ಟು ಸಾಲು ಬೇಕಾಯಿತು, ಎಣಿಸಿ.