ಜಿರಳೆ ಬರುವ ದಾರಿ, ಇಲಿ ನುಗ್ಗುವ ಸಂದಿ

ಅಡುಗೆಮನೆಯಲ್ಲಿ ಜಿರಳೆ ಕಂಡರೆ ಔಷಧಿ ತರಲು ಓಡುತ್ತೇವೆ. ಅದು ಯಾವ ದಾರಿಯಲ್ಲಿ ಬಂತು ಎಂದು ಹುಡುಕುವವರು ಕಡಿಮೆ. ವರ್ಷವರ್ಷವೂ ಔಷಧಿಗೆ ಸುರಿಯುವ ದುಡ್ಡಿನಲ್ಲಿ ಸ್ವಲ್ಪವನ್ನು ಒಮ್ಮೆ ಪ್ಲಂಬರಿಗೂ ಗಾರೆಯವರಿಗೂ ಕೊಟ್ಟರೆ ಕಾಟ ಬಹುಪಾಲು ತಪ್ಪುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಹಾಗೆ ಮಾಡದಂತೆ ನಮ್ಮನ್ನು ತಡೆದಿರುವುದು ಕೆಲವು ಹಳೆಯ ತಪ್ಪು ಕಲ್ಪನೆಗಳು.

ತಪ್ಪು ಕಲ್ಪನೆ: ಮನೆ ಚೊಕ್ಕಟವಾಗಿದ್ದರೆ ಜಿರಳೆ ಬರುವುದಿಲ್ಲ.

ವಾಸ್ತವ: ಚೊಕ್ಕಟತನ ಬೇಕೇ ಬೇಕು, ಆದರೆ ಅಷ್ಟೇ ಸಾಲದು. ನಮ್ಮ ಮನೆಗಳಿಗೆ ಬರುವ ಜಿರಳೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಕೆಂಗಂದು ಬಣ್ಣದ ದೊಡ್ಡ ಜಿರಳೆ ಒಳಚರಂಡಿಯಲ್ಲಿ ಬೆಳೆದು ಪೈಪು ಹತ್ತಿ ಬರುತ್ತದೆ. ಬಚ್ಚಲಿನ ಜಾಲಿಯ ಕೆಳಗಿರುವ ಟ್ರ್ಯಾಪ್‌ನಲ್ಲಿ ಸುಮಾರು 50 ಮಿಲಿಮೀಟರ್ ಆಳದ ನೀರು ಸದಾ ನಿಂತಿರಬೇಕು. ಚರಂಡಿಯ ನಾತವನ್ನೂ ಬಹುಮಟ್ಟಿಗೆ ಹುಳುಗಳನ್ನೂ ತಡೆಯುವುದು ಆ ನೀರೇ. ಬೇಸಿಗೆ ರಜೆಗೆ ಊರಿಗೆ ಹೋದಾಗ, ಅಥವಾ ನೆಂಟರು ಬಂದಾಗ ಮಾತ್ರ ಬಳಸುವ ಬಚ್ಚಲಿನಲ್ಲಿ, ಅದು ಆರಿಹೋಗಿ ದಾರಿ ತೆರೆದುಕೊಳ್ಳುತ್ತದೆ. ಊರಿಗೆ ಹೊರಡುವ ದಿನ ಪ್ರತಿ ಜಾಲಿಗೂ ಒಂದು ಚೊಂಬು ನೀರು ಸುರಿದು, ಮೇಲೊಂದು ಚಮಚ ಅಡುಗೆ ಎಣ್ಣೆ ಬಿಡಿ. ನೀರು ಬೇಗ ಆರುವುದಿಲ್ಲ.

ಸಿಂಕಿನ ಕೆಳಗೂ ಒಮ್ಮೆ ಬಗ್ಗಿ ನೋಡಿ. ಎಷ್ಟೋ ಮನೆಗಳಲ್ಲಿ ಸುಕ್ಕುಸುಕ್ಕಿನ ಪ್ಲಾಸ್ಟಿಕ್ ಪೈಪನ್ನು ನೆಲದ ತೂತಿಗೆ ಸುಮ್ಮನೆ ಇಳಿಬಿಟ್ಟಿರುತ್ತಾರೆ. ಸುತ್ತಲೂ ಬೆರಳು ತೂರುವಷ್ಟು ಜಾಗ. ದಿನಕ್ಕೆರಡು ಸಲ ಒರೆಸುವ ಅಡುಗೆಮನೆಗೂ ಜಿರಳೆ ಬರುವುದು ಇಲ್ಲಿಂದಲೇ. ಆ ಸಂದಿಗೆ ಒಂದು ರಬ್ಬರ್ ಕಾಲರ್ ಕೂರಿಸುವುದು ಅರ್ಧ ಗಂಟೆಯ ಕೆಲಸ.

ಇನ್ನೊಂದು ಬಗೆ, ಮಿಕ್ಸಿಯ ತಳದಲ್ಲಿ, ಫ್ರಿಜ್ಜಿನ ರಬ್ಬರಿನಲ್ಲಿ ಅಡಗುವ ಸಣ್ಣ ಜಿರಳೆ. ಇದನ್ನು ಸಾಮಾನ್ಯವಾಗಿ ಮನೆಗೆ ತರುವವರು ನಾವೇ: ದಿನಸಿಯ ರಟ್ಟಿನ ಪೆಟ್ಟಿಗೆಯಲ್ಲಿ, ಸೆಕೆಂಡ್ ಹ್ಯಾಂಡ್ ಫ್ರಿಜ್ಜಿನಲ್ಲಿ. ಇದರ ಒಂದೊಂದು ಮೊಟ್ಟೆಕೋಶದಲ್ಲಿ 30ರಿಂದ 40 ಮೊಟ್ಟೆಗಳಿರುತ್ತವೆ. ರಟ್ಟಿನ ಪೆಟ್ಟಿಗೆಗಳನ್ನು ಅಟ್ಟಕ್ಕೆ ಸೇರಿಸದೆ ಅವತ್ತೇ ಹೊರಗೆ ಹಾಕಿ.

ತಪ್ಪು ಕಲ್ಪನೆ: ಸ್ಪ್ರೇ ಹೊಡೆದರೆ ಮುಗಿಯಿತು.

ವಾಸ್ತವ: ಕಣ್ಣೆದುರಿನವು ಸಾಯುತ್ತವೆ, ಸಂದಿಯಲ್ಲಿರುವವು ಚದುರಿ ಬೇರೆ ಕೋಣೆ ಸೇರುತ್ತವೆ. ಮೊಟ್ಟೆಕೋಶದೊಳಕ್ಕೆ ಔಷಧಿ ಇಳಿಯುವುದೂ ಕಷ್ಟ. ಅಡಗುದಾಣದ ಹತ್ತಿರ ಚುಕ್ಕಿಚುಕ್ಕಿಯಾಗಿ ಇಡುವ ಜೆಲ್ ಇದಕ್ಕಿಂತ ಮೇಲು. ಅದರ ಮೇಲೆ ಸ್ಪ್ರೇ ಮಾತ್ರ ಹೊಡೆಯಬೇಡಿ, ಜಿರಳೆ ಮುಟ್ಟುವುದೇ ಇಲ್ಲ. ಜಿರಳೆಗೆಂದು ಗೆರೆ ಎಳೆಯುವ ಚಾಕ್ ಕೂಡ ಕೀಟನಾಶಕವೇ. ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ಅದು ಬೇಡ.

ತಪ್ಪು ಕಲ್ಪನೆ: ಮೇಲಂತಸ್ತಿಗೆ ಇಲಿ ಬರುವುದಿಲ್ಲ.

ವಾಸ್ತವ: ನೆಲ ತೋಡುವುದು ಹೆಗ್ಗಣ. ಮನೆಯ ಕಪ್ಪಿಲಿಗೆ ಹತ್ತುವುದೇ ಜನ್ಮಗುಣ. ತೆಂಗಿನ ಮರದ ಸುಳಿಯಲ್ಲೇ ಗೂಡು ಕಟ್ಟುವ ಜಾತಿ ಅದು. ಕೇಬಲ್ ವೈರು, ಮಳೆನೀರಿನ ಪೈಪು, ಮಾವಿನ ಕೊಂಬೆ, ಎಲ್ಲವೂ ಅದಕ್ಕೆ ರಸ್ತೆ. ಚಾವಣಿಗೆ ತಾಗುವ ಕೊಂಬೆಗಳನ್ನು ಒಂದು ಮೀಟರಿನಷ್ಟು ಹಿಂದಕ್ಕೆ ಕತ್ತರಿಸಿ. ಏಸಿ ಪೈಪಿನ ತೂತು, ಗೀಸರ್ ಪೈಪಿನ ಸುತ್ತಲಿನ ಜಾಗ, ಬಾಗಿಲಿನ ಅಡಿ, ಇಲ್ಲೆಲ್ಲ ಒಂದು ಪೆನ್ಸಿಲ್ ಹಿಡಿದು ಪರೀಕ್ಷಿಸಿ. ಅದು ತೂರಿದರೆ ಚಿಟ್ಟಿಲಿಯೂ ತೂರುತ್ತದೆ. ಅದಕ್ಕೆ ಸುಮಾರು 6 ಮಿಲಿಮೀಟರ್ ಸಂದಿ ಸಾಕು.

ತೂತಿಗೆ ಬಟ್ಟೆ, ಥರ್ಮಾಕೋಲ್, ಫೋಮ್ ತುರುಕಿ ಪ್ರಯೋಜನವಿಲ್ಲ. ಇಲಿಯ ಬಾಚಿಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ, ಅದು ಕಡಿಯುತ್ತಲೂ ಇರುತ್ತದೆ. ಮೊದಲು ಉಕ್ಕಿನ ಜಾಲರಿ, ಮೇಲೆ ಸಿಮೆಂಟು.

ತಪ್ಪು ಕಲ್ಪನೆ: ಪ್ಲಗ್ಗಿಗೆ ಸಿಕ್ಕಿಸುವ ಶಬ್ದದ ಯಂತ್ರ ಇಲಿ, ಜಿರಳೆಗಳನ್ನು ಓಡಿಸುತ್ತದೆ.

ವಾಸ್ತವ: ಓಡಿಸುವುದಿಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲೇ ಇಂಥ ಯಂತ್ರಗಳ 60ಕ್ಕೂ ಹೆಚ್ಚು ತಯಾರಕರಿಗೆ, ಮಾರಾಟಗಾರರಿಗೆ, ಹೇಳಿದ್ದಕ್ಕೆ ವೈಜ್ಞಾನಿಕ ಪುರಾವೆ ಇರಬೇಕು ಎಂದು ಎಚ್ಚರಿಕೆಯ ಪತ್ರ ಬರೆದಿತ್ತು. ವಾಷ್‌ಬೇಸಿನ್ನಿಗೆ ಹಾಕುವ ನುಸಿ ಗುಳಿಗೆಯ ಕಥೆಯೂ ಹೀಗೇ. ಬಿಗಿಯಾಗಿ ಮುಚ್ಚಿದ ಬಟ್ಟೆಯ ಪೆಟ್ಟಿಗೆಯಲ್ಲಿ ಅದಕ್ಕೆ ಬಲ, ಬಚ್ಚಲಲ್ಲಿ ಅಲ್ಲ.

ತಪ್ಪು ಕಲ್ಪನೆ: ಆರ್‌ಸಿಸಿ ಮನೆಗೆ ಗೆದ್ದಲು ಹಿಡಿಯುವುದಿಲ್ಲ.

ವಾಸ್ತವ: ಗೆದ್ದಲು ಕಾಂಕ್ರೀಟನ್ನು ತಿನ್ನುವುದಿಲ್ಲ, ಅದರ ಬಿರುಕಿನಲ್ಲಿ ನಡೆದು ಬರುತ್ತದೆ. ಒಂದು ಮಿಲಿಮೀಟರ್‌ಗಿಂತ ಸಣ್ಣ ಬಿರುಕೂ ಅದಕ್ಕೆ ಧಾರಾಳ. ನೆಲ ಗೋಡೆ ಕೂಡುವಲ್ಲಿ, ವೈರಿನ ಪೈಪಿನೊಳಗೆ, ಟೈಲ್ಸಿನ ನಡುವೆ ಹಾದು ಪ್ಲೈವುಡ್ ಬೀರುವಿನ ಬೆನ್ನು ಸೇರುತ್ತದೆ. ಬೀರು ಬಚ್ಚಲಿನ ಗೋಡೆಗೆ ಒತ್ತಿಕೊಂಡಿದ್ದರಂತೂ ತೇವವೂ ಅಲ್ಲೇ ಸಿಗುತ್ತದೆ. ನಮ್ಮ ತೊಟ್ಟಿಮನೆಗಳಲ್ಲಿ ಮರದ ಕಂಬವನ್ನು ಮಣ್ಣಿಗೆ ತಾಗಿಸದೆ ಕಲ್ಲಿನ ಮೇಲೆ ನಿಲ್ಲಿಸುತ್ತಿದ್ದರು. ಮಣ್ಣಿಗೂ ಮರಕ್ಕೂ ನಂಟು ತಪ್ಪಿಸುವ ಆ ಕ್ರಮ ಇಂದಿಗೂ ಸರಿ.

ಗೋಡೆಯ ಮೇಲಿನ ಮಣ್ಣಿನ ಗೆರೆ ಒರೆಸಿ ಸೀಮೆಎಣ್ಣೆ ಸವರುವುದರಿಂದ ಗೂಡಿಗೆ ಏನೂ ಆಗುವುದಿಲ್ಲ. ಗೂಡು ನೆಲದಡಿ ಇದೆ. ಹೊಸ ಮನೆಯಾದರೆ ಪಾಯದ ಹಂತದಲ್ಲೇ ಮಣ್ಣಿಗೆ ಗೆದ್ದಲಿನ ಔಷಧಿ ಹಾಕಿಸಬೇಕು. ಕಟ್ಟಿದ ಮನೆಯಲ್ಲಿ ಗೋಡೆಯ ಬುಡಕ್ಕೆ ಅಡಿಗೊಂದರಂತೆ ತೂತು ಕೊರೆದು ಔಷಧಿ ಇಳಿಸುತ್ತಾರೆ. ಎರಡಕ್ಕೂ ಭಾರತೀಯ ಮಾನಕ ಐಎಸ್ 6313 ಇದೆ. ಅದರ ಪ್ರಕಾರ ಮಾಡುತ್ತೀರಾ ಎಂದು ಕೇಳಿಯೇ ಕೆಲಸ ಒಪ್ಪಿಸಿ. ಮೊದಲ ಮಳೆಯ ಸಂಜೆ ದೀಪಕ್ಕೆ ಮುತ್ತುವ ಈಸಲು ಹೊರಗಿನವು, ಹೆದರಬೇಕಿಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ರೆಕ್ಕೆಗಳು ಉದುರಿದ್ದರೆ ಮಾತ್ರ ಗೂಡು ಮನೆಯಲ್ಲೇ ಇರಬಹುದು.

ತಪ್ಪು ಕಲ್ಪನೆ: ಡಬ್ಬ ಬಿಗಿಯಾಗಿ ಮುಚ್ಚಿದರೆ ಅಕ್ಕಿ, ಬೇಳೆಗೆ ಹುಳ ಬೀಳುವುದಿಲ್ಲ.

ವಾಸ್ತವ: ಅಕ್ಕಿಯ ಹುಳ ಕಾಳನ್ನು ಕೊರೆದು ಒಳಗೆ ಮೊಟ್ಟೆಯಿಟ್ಟು ತೂತು ಮುಚ್ಚುತ್ತದೆ. ಹಾಗಾಗಿ ಅದು ಅಂಗಡಿಯಿಂದಲೇ ಚೀಲದ ಜೊತೆ ಬಂದಿರಬಹುದು. ತಂದ ಕೂಡಲೇ ಹಳೆಯ ಅಕ್ಕಿಗೆ ಬೆರೆಸಬೇಡಿ. ಸ್ವಲ್ಪವೇ ಇದ್ದರೆ ನಾಲ್ಕು ದಿನ ಫ್ರೀಜರ್‌ನಲ್ಲಿಡಿ. ತೊಗರಿ, ಹೆಸರುಕಾಳಿಗೆ ಹರಳೆಣ್ಣೆ ಸವರಿಡುವ ಅಜ್ಜಿಯರ ರೂಢಿ ನೂರಕ್ಕೆ ನೂರು ಸರಿ. ಕಾಳಿನ ಹುಳ ಸಿಪ್ಪೆಯ ಮೇಲೆ ಮೊಟ್ಟೆ ಅಂಟಿಸುತ್ತದೆ, ಎಣ್ಣೆ ಅದರ ಉಸಿರು ಕಟ್ಟಿಸುತ್ತದೆ.

ಒಂದನ್ನು ಮಾತ್ರ ಕೈಮುಗಿದು ಹೇಳುತ್ತೇನೆ. ಗೋದಾಮಿನಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಅಕ್ಕಿ ಡ್ರಮ್ಮಿಗಾಗಲಿ ಇಲಿ ಬಿಲಕ್ಕಾಗಲಿ ಮನೆಯೊಳಗೆ ತರಬೇಡಿ. ಗಾಳಿಯ ತೇವ ತಾಗಿದರೆ ಸಾಕು, ಅದು ಫಾಸ್ಫೀನ್ ಅನಿಲ ಬಿಡುತ್ತದೆ. ಬಿರುಕುಗಳಲ್ಲಿ ಹಾದು ಪಕ್ಕದ ಕೋಣೆಯಲ್ಲಿ ಮಲಗಿದವರನ್ನೂ ಕೊಲ್ಲಬಲ್ಲ ಆ ಅನಿಲಕ್ಕೆ ಪ್ರತಿವಿಷವಿಲ್ಲ. ತರಬೇತಾದವರ ಕೈಗೆ ಮಾತ್ರ ಅನುಮತಿ ಇರುವ ವಸ್ತು ಅದು. ಯಾರಾದರೂ ಬಿಡಿಯಾಗಿ ಪೊಟ್ಟಣ ಕಟ್ಟಿ ಕೊಟ್ಟರೆ ತೆಗೆದುಕೊಳ್ಳಬೇಡಿ.